ಬಚ್ಚಲಿಗೆ ಮಾತ್ರ ತಕಿಟ

ನಮ್ಮೂರಿನಲ್ಲಿ ಯಾರೂ ಸುಮ್ಮನೆ ನಡೆಯುವುದಿಲ್ಲ. ನೆಲದಡಿಯಿಂದ ಬಡಿತ ಬರುತ್ತಲೇ ಇರುತ್ತದೆ. ಆರು ಬಡಿತ, ಮತ್ತೆ ಆರು, ಮತ್ತೆ ಆರು. ಆರರಲ್ಲಿ ಮೊದಲನೆಯದು ತುಸು ಭಾರ, ಮಿಕ್ಕವು ಹಗುರ. ಇಷ್ಟರ ಮಟ್ಟಿಗೆ ಊರಿನಲ್ಲಿ ಎಲ್ಲರದೂ ಒಮ್ಮತ. ಆಮೇಲಿನದೆಲ್ಲ ಜಗಳ.

ತಕದವರು ಆರನ್ನು ಎರಡೆರಡಾಗಿ ಒಡೆಯುತ್ತಾರೆ. ತಕ, ತಕ, ತಕ. ಆರು ಬಡಿತಕ್ಕೆ ಮೂರು ಹೆಜ್ಜೆ. ತಕಿಟದವರು ಮೂರುಮೂರಾಗಿ ಒಡೆಯುತ್ತಾರೆ. ತಕಿಟ, ತಕಿಟ; ಆರಕ್ಕೆ ಎರಡೇ ಹೆಜ್ಜೆ. ಹೀಗಾಗಿ ತಕದವರು ಸದಾ ಬಸ್ಸು ತಪ್ಪಿಹೋಗುತ್ತದೆ ಎಂಬಂತೆ ನಡೆಯುತ್ತಾರೆ, ತಕಿಟದವರು ಬಸ್ಸು ತಮಗಾಗಿ ಕಾಯುತ್ತದೆ ಎಂಬಂತೆ. ಇಬ್ಬರೂ ಒಂದೇ ಬದಿಯಲ್ಲಿ ನಡೆದರೆ ಡಿಕ್ಕಿಯಾಗುತ್ತದೆಂದು ಪೇಟೆ ಬೀದಿಯ ಎಡಬದಿಯನ್ನು ತಕದವರಿಗೂ ಬಲಬದಿಯನ್ನು ತಕಿಟದವರಿಗೂ ಬಿಟ್ಟುಕೊಟ್ಟಿದ್ದಾರೆ. ನಡುವೆ ದನ, ನಾಯಿ ಮತ್ತು ಪರಊರಿನವರು. ಎರಡೂ ಕಡೆಯವರಿಗೆ ಒಂದೊಂದು ಸಭೆ, ಸಭೆಗೊಬ್ಬ ಅಧ್ಯಕ್ಷ. ತೆಂಗಿನಕಾಯಿ ಒಡೆದರೆ ಎರಡು ಹೋಳಾಗುತ್ತದೆ, ಆದ್ದರಿಂದ ಸೃಷ್ಟಿಯ ಮೂಲ ಎರಡು ಎಂದು ತಕ ಸಭೆ ಸಾಧಿಸುತ್ತದೆ. ಅದೇ ಕಾಯಿಗೆ ಕಣ್ಣು ಮೂರು ಎಂದು ತಕಿಟ ಸಭೆ ತೋರಿಸುತ್ತದೆ. ಕಾಯಿಯನ್ನು ಮಾತ್ರ ಇಬ್ಬರೂ ಚಟ್ನಿ ಮಾಡಿ ತಿನ್ನುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಎರಡು ಸಭೆಗಳೂ ಬಹಳ ಉದಾರ. ಆ ಕಡೆಯ ಹೆಣ್ಣನ್ನು ತರಬಹುದು, ಈ ಕಡೆಯ ಹೆಣ್ಣನ್ನು ಕೊಡಬಹುದು. ಮನೆ ಹೊಕ್ಕ ಮೇಲೆ ಹೆಜ್ಜೆ ಬದಲಾಯಿಸಿಕೊಂಡರಾಯಿತು. ಗಂಡಸರ ಹೆಜ್ಜೆ ಹುಟ್ಟಿನಿಂದ ಬಂದದ್ದು, ಬದಲಾಗುವುದಿಲ್ಲ. ಹೆಂಗಸರದು ಸೀರೆಯ ಹಾಗೆ. ನಾನು ತಕಿಟದವರ ಮನೆಯ ಮಗಳು, ದಾಕ್ಷಾಯಿಣಿ. ತಕ ಸಭೆಯ ಅಧ್ಯಕ್ಷರಾದ ಅಡವೀಶಯ್ಯನವರ ಮಗ ಉಮಾಪತಿಗೆ ನನ್ನನ್ನು ಕೊಟ್ಟರು. ಬಂದ ಮಾರನೆಯ ದಿನವೇ ನನ್ನ ಅತ್ತೆ ಸರ್ವಮಂಗಳಮ್ಮ ಕಂಚಿನ ತಟ್ಟೆ ಮತ್ತು ಸೌಟು ಹಿಡಿದು ಒಳಅಂಗಳದಲ್ಲಿ ಕೂತರು. ನಾನು ಸುತ್ತಬೇಕು, ಅವರು ಬಡಿಯಬೇಕು. ತಪ್ಪಿದರೆ ಸೌಟು ತಟ್ಟೆ ಬಿಟ್ಟು ನನ್ನ ಹಿಮ್ಮಡಿಗೆ ಬರುತ್ತಿತ್ತು. ಕಾಲು ಮಾತು ಕೇಳುವವರೆಗೆ ನನ್ನನ್ನು ಅಡುಗೆಮನೆಗೆ ಬಿಡಲಿಲ್ಲ. ಕಿವಿಯಲ್ಲಿ ತಕಿಟ, ಕಾಲಲ್ಲಿ ತಕ. ಆ ದಿನಗಳಲ್ಲಿ ನನಗೆ ತಲೆಸುತ್ತು ಬರುತ್ತಿತ್ತು. ಆಮೇಲೊಂದು ದಿನ ಕಿವಿಯೂ ಈ ಮನೆಯದಾಯಿತು. ಬಡಿತ ಅದೇ. ಎಲ್ಲಿ ಒತ್ತಿ ಕೇಳಿಸಿಕೊಳ್ಳುತ್ತೇವೋ ಅದರ ಮೇಲೆ ಅದು ಬೇರೆಯೇ ಆಗಿಬಿಡುತ್ತದೆ. ಇದು ನಮ್ಮೂರಿನ ಸೊಸೆಯಂದಿರಿಗೆಲ್ಲ ಗೊತ್ತು. ಆದರೆ ಸಭೆಗಳಲ್ಲಿ ಸೊಸೆಯಂದಿರಿಗೆ ಮಾತಾಡುವ ಅವಕಾಶವಿಲ್ಲ, ಉಪ್ಪಿಟ್ಟು ಮಾಡುವ ಅವಕಾಶ ಇದೆ.

ಮಾವ ಕೆಟ್ಟವರಲ್ಲ. ಊಟಕ್ಕೆ ಕೂತಾಗ ಸೊಸೆ ಉಂಡಳೇ ಎಂದು ಕೇಳುತ್ತಿದ್ದರು. ವೇದಿಕೆ ಹತ್ತಿದರೆ ಮಾತ್ರ ಬೇರೆ ಮನುಷ್ಯ. ವಾರ್ಷಿಕೋತ್ಸವದ ದಿನ ಪುರಭವನದಲ್ಲಿ ಅವರ ಉಪನ್ಯಾಸ. "ಯಾರು ಮೂರೆಂದು ಎಣಿಸುತ್ತಾರೋ ಅವರಿಗೆ ಎಣಿಸಲಿಕ್ಕೇ ಬರುವುದಿಲ್ಲ. ಮನುಷ್ಯನಿಗೆ ಕಾಲು ಎಷ್ಟು? ಎರಡು. ತಕ, ತಕ, ತ…" ಎಂದವರು ಅಲ್ಲಿಗೇ ನಿಂತರು. ಬಾಯಿ ಒಂದು ಕಡೆಗೆ ಜಾರಿತು. ಹೊಸ ಥರದ ಮುಕ್ತಾಯವೆಂದು ಭಾವಿಸಿ ಸಭೆ ಚಪ್ಪಾಳೆ ತಟ್ಟಿತು. ಸಭೆಯ ಕಾರ್ಯದರ್ಶಿ ಮುರಿಗೆಪ್ಪನಂತೂ ಎದ್ದು ನಿಂತು ತಟ್ಟಿದ. ಹೆಂಗಸರ ಸಾಲಿನಿಂದ ಅತ್ತೆ ಎದ್ದು ವೇದಿಕೆಯ ಕಡೆ ಓಡುವವರೆಗೂ ಚಪ್ಪಾಳೆ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಮಾವ ಮೇಜಿನ ಮೇಲೆ ಬಿದ್ದಿದ್ದರು.

ದೊಡ್ಡ ಊರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಮಾತೂ ಮೆಲ್ಲಮೆಲ್ಲನೆ ಮರಳಿತು, ಬಾಯಲ್ಲಿ ಅನ್ನ ಇಟ್ಟುಕೊಂಡು ಆಡಿದ ಹಾಗೆ. ಎಡಗಾಲು ಮಾತ್ರ ಬರಲಿಲ್ಲ. ಕಾಲಿಗೆ ವ್ಯಾಯಾಮ ಮಾಡಿಸಲು ವಾರಕ್ಕೊಮ್ಮೆ ಪಕ್ಕದೂರಿನಿಂದ ನಸ್ರೀನ್ ಎಂಬ ಹುಡುಗಿ ಬರುತ್ತಿದ್ದಳು. ಕಾಲು ನೀವಿ, ಮಡಿಸಿ, ಚಾಚಿ, ಒಂದು ದಿನ ಮಾವನನ್ನು ಎಬ್ಬಿಸಿ ನಿಲ್ಲಿಸಿದಳು. ಮಾವ ತಕದಲ್ಲಿ ಹೊರಟರು. ಬಲಗಾಲು ಹೋಯಿತು. ಎಡಗಾಲು ಎಳೆದುಕೊಂಡು ಬರುವ ಮೊದಲೇ ಬಲಗಾಲು ಮತ್ತೆ ಎದ್ದಿತು. ನಾವು ಹಿಡಿಯದಿದ್ದರೆ ಹಣೆ ಒಡೆಯುತ್ತಿತ್ತು. ಮತ್ತೊಮ್ಮೆ ಮಾಡಿದರು, ಮತ್ತೆ ಹಾಗೇ ಆಯಿತು.

"ಎಡಗಾಲಿಗೆ ಪುರುಸೊತ್ತು ಕೊಡಿ ಸರ್" ಎಂದಳು ನಸ್ರೀನ್. "ಒಂದು, ಎರಡು, ಮೂರು ಅಂತ ಎಣಿಸಿ. ಆಮೇಲೆ ಇನ್ನೊಂದು ಕಾಲು ಎತ್ತಿ."

ಅತ್ತೆ ಎದ್ದು ಬೀದಿಯ ಕಡೆಯ ಕಿಟಕಿ ಮುಚ್ಚಿದರು.

"ಮೂರಾ?" ಎಂದರು ಮಾವ.

"ಹೂಂ, ಮೂರು."

"ಎರಡಾದ್ರೆ ಆಗಲ್ವ?"

"ಎರಡಕ್ಕೆ ಕಾಲು ಬರ್ತಾ ಇಲ್ವಲ್ಲ ಸರ್."

ಮಾವ ಹಾಸಿಗೆಯ ಮೇಲೆ ಕೂತರು. "ಈ ಹುಡುಗೀನ ಯಾರು ಕರೆಸಿದ್ದು? ಬಿದ್ದು ಸಾಯ್ತೀನಿ. ತಕಿಟ ನಡೆಯಲ್ಲ" ಎಂದು ಗೋಡೆಯ ಕಡೆ ತಿರುಗಿಕೊಂಡರು. ನಸ್ರೀನ್‌ಗೆ ಏನೂ ಅರ್ಥವಾಗಲಿಲ್ಲ. ಅವಳನ್ನು ಕಳಿಸಿಕೊಡಲು ಬಾಗಿಲವರೆಗೆ ಹೋದಾಗ ನಿಮಗೆ ನಮ್ಮೂರಿನ ಬಡಿತ ಕೇಳುವುದಿಲ್ಲವೇ ಎಂದು ಕೇಳಿದೆ. "ಕೇಳ್ತದೆ ಅಕ್ಕ, ಫ್ರಿಜ್ಜಿನ ಸದ್ದಿನ ಹಂಗೆ. ಸ್ವಲ್ಪ ಹೊತ್ತಾದ್ಮೇಲೆ ಮರ್ತೋಗ್ತದೆ" ಎಂದಳು. ನಮ್ಮ ಹಿರಿಯರು ಅದಕ್ಕಾಗಿ ತಲೆ ಒಡೆದುಕೊಂಡಿದ್ದನ್ನು ಅವಳಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ.

ಅಧ್ಯಕ್ಷರು ಯಾಕೆ ಬೀದಿಗೆ ಬರುತ್ತಿಲ್ಲ ಎಂದು ಜನ ಕೇಳತೊಡಗಿದರು. ಮುರಿಗೆಪ್ಪ ನಮ್ಮ ಮನೆಗೆ ಬಂದು ನನ್ನ ಗಂಡನ ಜೊತೆ ಗುಸುಗುಸು ಮಾಡಿ ಹೋದ. ಮಾರನೆಯ ದಿನ ಪೇಟೆಯಲ್ಲಿ ಬಟ್ಟೆಯ ಫಲಕ ಎದ್ದಿತು: ಶ್ರೀ ಅಡವೀಶಯ್ಯನವರು ಲೋಕಕಲ್ಯಾಣಾರ್ಥವಾಗಿ ಆಸೀನ ವ್ರತ ಕೈಗೊಂಡಿದ್ದಾರೆ. ನಡೆಯದೆ ಕೂತಿರುವುದೇ ನಡಿಗೆಯ ಪರಮಾವಧಿ ಎಂದು ಮುರಿಗೆಪ್ಪ ಬೀದಿಬೀದಿಯಲ್ಲಿ ವಿವರಿಸಿದ. ಜನ ಹಣ್ಣು ಹಿಡಿದುಕೊಂಡು ಬಂದು ಅಲ್ಲಾಡದ ಕಾಲಿಗೆ ಬಿದ್ದು ಹೋದರು. ಮನೆಯಲ್ಲಿ ಕೆಲಸ ಮಾಡಲು ಮನಸ್ಸಿಲ್ಲದ ಕೆಲವು ಗಂಡಸರು ತಾವೂ ವ್ರತ ಹಿಡಿದರು. ಜರಿ ಶಾಲಿನ ಕೆಳಗೆ ಮಾವನ ಬೆನ್ನಿನಲ್ಲಿ ಹುಣ್ಣು ಏಳುತ್ತಿತ್ತು. ಅದನ್ನು ತೊಳೆಯುವವಳು ನಾನು. ಬೆಡ್‌ಪ್ಯಾನ್ ಇಡುವವಳು, ತೆಗೆಯುವವಳೂ ನಾನೇ. ಅತ್ತೆಯ ಸೊಂಟ ಬಗ್ಗುತ್ತಿರಲಿಲ್ಲ, ಗಂಡನಿಗೆ ವಾಕರಿಕೆ ಬರುತ್ತಿತ್ತು. ಪ್ರತಿ ಸಲ ಮಾವ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮುಚ್ಚಿದ ಕಣ್ಣಿನ ಅಂಚಿನಲ್ಲಿ ನೀರು ನಿಲ್ಲುತ್ತಿತ್ತು. ನಾನು ನೋಡಿಲ್ಲ ಎಂಬಂತೆ ಇರುತ್ತಿದ್ದೆ.

ಒಂದು ಮಧ್ಯಾಹ್ನ ಉಮಾಪತಿ ಅಂಗಡಿಗೆ ಹೋದ ಮೇಲೆ ಅತ್ತೆ ನನ್ನನ್ನು ಹಿತ್ತಿಲ ಜಗಲಿಗೆ ಕರೆದರು.

"ನಿಂಗೆ ಅದು ಇನ್ನೂ ಬತ್ತದಾ?"

"ಯಾವುದತ್ತೆ?"

"ನಿಮ್ಮಪ್ಪನ ಮನೇದು."

ಈ ಮನೆಯಲ್ಲಿ ಆ ಪ್ರಶ್ನೆಗೆ ಸರಿಯುತ್ತರ ಇಲ್ಲ ಎಂಬುದನ್ನು ನನಗೆ ಕಲಿಸಿದವರೇ ಅವರು. ಅತ್ತೆ ಕಂಬ ಹಿಡಿದುಕೊಂಡು ಎದ್ದರು. ಅವರೂ ತಕಿಟದವರ ಮನೆಯಿಂದ ಬಂದವರೇ. ಅದು ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ಆಡುತ್ತಿರಲಿಲ್ಲ. ಕಂಬ ಬಿಟ್ಟು ಒಂದು ಹೆಜ್ಜೆ ಇಟ್ಟರು. ಅದು ಸರಿಯಾಗಿ ಭಾರದ ಬಡಿತಕ್ಕೇ ಬಿತ್ತು. ಎರಡನೆಯದು ಅವಸರಪಟ್ಟು ತಕಕ್ಕೆ ಜಾರಿತು. ಮತ್ತೆ ಹಿಂದಕ್ಕೆ ಬಂದು ತುಟಿಯಲ್ಲೇ ಎಣಿಸಿಕೊಂಡು ಇಟ್ಟರು. ಮತ್ತೆ ಜಾರಿತು.

"ಹೋಗೇಬಿಟ್ಟೈತೆ ಕಣೇ" ಎಂದರು. "ನಮ್ಮವ್ವ ನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಹಂಗೇ ನಡೀತಿದ್ಲು. ನೆಪ್ಪೈತೆ. ಕಾಲಿಗಿಲ್ಲ." ಸೆರಗಿನಿಂದ ಕಂಬವನ್ನು ಒರೆಸಿದರು. ಕಂಬಕ್ಕೇನೂ ಆಗಿರಲಿಲ್ಲ. "ನೀನು ಬಂದು ಇನ್ನೂ ಬಾಳ ವರ್ಸ ಆಗಿಲ್ಲ. ನಿಂಗೆ ಇದ್ರೆ ಅವರನ್ನ ಎಬ್ಬಿಸು. ಮಿಕ್ಕಿದ್ದು ನಾನು ನೋಡ್ಕತೀನಿ."

ಹೋಗಿ ಮಾವನಿಗೆ ಹೇಳಿದೆ. ಬೈಗುಳಕ್ಕೆ ನಾನು ತಯಾರಾಗಿದ್ದೆ. "ಬಚ್ಚಲಿಗೆ ಮಾತ್ರ" ಎಂದರು ಕೊನೆಗೆ. "ಬಚ್ಚಲಿಗೆ ಹೋಗಕ್ಕೆ, ಬರಕ್ಕೆ. ಅಷ್ಟೇ. ಹಿತ್ತಿಲ ಬಾಗಿಲು ಹಾಕಿರ್ಬೇಕು. ಉಮಾಪತಿಗೆ ಹೇಳಕೂಡ್ದು. ಆಮೇಲೆ ಆ ಮಾತು ನನ್ನ ಕಿವಿ ಮೇಲೆ ಬೀಳಕೂಡ್ದು."

"ಯಾವ ಮಾತು ಮಾವ? ತಕಿ…"

"ಅದೇ."

ಆ ಮಾತಿಲ್ಲದೆ ಅಳತೆ ಹೇಳುವುದು ಹೇಗೆ? ಮೂರಕ್ಷರದ ಬೇರೆ ಮಾತು ಹುಡುಕಿದೆವು. ಆಗ ಅವರೆಕಾಯಿಯ ಕಾಲ. ಅತ್ತೆ ಪಡಸಾಲೆಯಲ್ಲಿ ಕೂತು ಕಾಯಿ ಸುಲಿಯುತ್ತಿದ್ದರು. ಹಾಗಾಗಿ ತಕ ಸಭೆಯ ಅಧ್ಯಕ್ಷರು ನನ್ನ ತೋಳು ಹಿಡಿದುಕೊಂಡು, ಅವರೆ, ಅವರೆ, ಅವರೆ, ಅವರೆ ಎನ್ನುತ್ತ ಬಚ್ಚಲಿಗೆ ಹೊರಟರು.

ಮೊದಮೊದಲು ಅವರು ಎಣಿಸುತ್ತಿದ್ದರು. ಅ, ವ, ರೆ ಎಂದು ಮೂರನ್ನೂ ಬೇರೆಬೇರೆ ಒತ್ತಿ, ಪ್ರತಿ ಬಡಿತಕ್ಕೂ ಮೈ ಕುಲುಕುತ್ತಿದ್ದರು. ಹಾಗೆ ಮಾಡಿದರೆ ಆಗುವುದಿಲ್ಲ. ಮೂರೂ ಸೇರಿ ಒಂದು. ಮೊದಲನೆಯದನ್ನು ತುಳಿಯಬೇಕು, ಮಿಕ್ಕೆರಡನ್ನು ತನ್ನಷ್ಟಕ್ಕೆ ಹೋಗಲು ಬಿಡಬೇಕು. "ಎಣಿಸ್ಬೇಡಿ ಮಾವ, ತೂಗಿ. ತೊಟ್ಟಿಲು ತೂಗ್ದಂಗೆ. ಹೋಯ್ತು, ಬಂತು. ಆರೂ ಅದರೊಳಗೇ ಐತೆ" ಎಂದೆ. ನಮ್ಮಜ್ಜಿ ನನಗೆ ಹೇಳಿಕೊಟ್ಟಿದ್ದು ಹಾಗೆ. ಬಲಗಾಲು ಭಾರದ ಬಡಿತಕ್ಕೆ ಬೀಳುತ್ತಿತ್ತು. ಎಡಗಾಲು ಉಳಿದ ಹೊತ್ತಿನಲ್ಲಿ ನಿಧಾನಕ್ಕೆ ಎಳೆದುಕೊಂಡು ಬಂದು ನಾಲ್ಕನೆಯದಕ್ಕೆ ಸರಿಯಾಗಿ ಪಕ್ಕದಲ್ಲಿ ನಿಲ್ಲುತ್ತಿತ್ತು, ತಡವಾಗಿ ಬಂದರೂ ಬೈಸಿಕೊಳ್ಳದ ಮಗುವಿನ ಹಾಗೆ.

ಒಂದು ದಿನ ಬಚ್ಚಲ ಬಾಗಿಲಲ್ಲಿ ನಿಂತು ಮಾವ ಕೇಳಿದರು. "ಇದ್ರಲ್ಲಿ ಪ್ರತಿ ಸಲ ಬಲಗಾಲೇ ಮೊದಲನೇದಕ್ಕೆ ಬೀಳ್ತದಲ್ಲೇ?"

"ಹೂಂ ಮಾವ."

"ನಮ್ಮದ್ರಲ್ಲಿ ಒಂದ್ಸಲ ಬಲ, ಒಂದ್ಸಲ ಎಡ. ಎರಡು ಕಾಲಿಗೂ ಸಮಾನ ಗೌರವ ಅಂತ ಪುಸ್ತಕದಲ್ಲೇ ಬರ್ದಿದೀನಿ."

"ಎಡಗಾಲನ್ನ ಕೇಳಿ ಬರ್ದಿದ್ರಾ?"

ಆಡಿದ ಮೇಲೆ ಹೆದರಿದೆ. ಮಾವನ ಮುಖ ಕೆಂಪಾಯಿತು. ಆಮೇಲೆ ಅವರ ಅರ್ಧ ಬಾಯಿ ನಗಲು ಶುರುಮಾಡಿತು, ಇನ್ನರ್ಧ ಸೇರಿಕೊಳ್ಳಲು ಒದ್ದಾಡಿತು. ಒಳಗೆ ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು. ಆ ಮನೆಯಲ್ಲಿ ಮಾವ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ದಿನ ಕಳೆದ ಹಾಗೆ ಮಾವನಿಗೆ ಬಚ್ಚಲಿಗೆ ಹೋಗುವ ಅಗತ್ಯ ಬಹಳ ಬೀಳತೊಡಗಿತು. ಬಚ್ಚಲಿನ ದಾರಿ ದಾಸವಾಳದ ಗಿಡವನ್ನು ಸುತ್ತಿಕೊಂಡು ಹೋಗುತ್ತಿತ್ತು. ಆಮೇಲೆ ಬಾವಿಯನ್ನೂ ಸುತ್ತತೊಡಗಿತು. "ಎಷ್ಟು ಸಲ ಹೋಗ್ತೀರಿ? ಸಕ್ಕರೆ ಕಾಯಿಲೆ ಬಂದೈತಾ?" ಎಂದು ಅತ್ತೆ ಗೊಣಗುತ್ತಿದ್ದರು. ಗೊಣಗುತ್ತಲೇ ದಾರಿಯ ಕಲ್ಲುಗಳನ್ನು ಎತ್ತಿ ಹಾಕಿದ್ದರು. ಬೆನ್ನಿನ ಹುಣ್ಣು ಒಣಗಿತು. ಒಂದು ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ಸುಧಾರಿಸಿಕೊಳ್ಳುತ್ತ ಮಾವ ತಲೆ ಓರೆ ಮಾಡಿ ನೆಲದ ಕಡೆ ಕಿವಿಗೊಟ್ಟರು.

"ಬಡಿತ ಬದಲಾಯ್ತೇನೇ?"

"ಇಲ್ಲ ಮಾವ."

"ತೂಗ್ತಾ ಐತೆ. ಮೊದ್ಲು ಬಡೀತಿತ್ತು, ಈಗ ತೂಗ್ತಾ ಐತೆ." ನನ್ನ ಕಡೆ ತಿರುಗಿದರು, "ಹಂಗಾರೆ ಇಷ್ಟು ವರ್ಸ ನಾನು ಕೇಳಿದ್ದೇನು?"

"ಇದನ್ನೇ ಮಾವ."

ಪಕ್ಕದ ಮನೆಯಲ್ಲಿ ಅವತ್ತು ಕಾಯಿ ಕೀಳಲು ಮರ ಹತ್ತಿದ್ದವನಿಗೆ ಮೇಲಿನಿಂದ ನಮ್ಮ ಹಿತ್ತಿಲು ಪೂರ್ತಿ ಕಾಣುತ್ತಿತ್ತು. ಅವನು ಕಾಯಿ ಕೀಳುವುದನ್ನು ಬಿಟ್ಟು ಇಳಿದು ಹೋದ. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು.

ಮಾರನೆಯ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಬ್ಯಾಂಡು. ನನ್ನ ಚಿಕ್ಕಪ್ಪ ಕರಿಬಸಯ್ಯ, ಅಂದರೆ ತಕಿಟ ಸಭೆಯ ಅಧ್ಯಕ್ಷ, ಆಳೆತ್ತರದ ಹಾರ ಹಿಡಿಸಿಕೊಂಡು ಬಂದಿದ್ದ. "ಅಡವೀಶಯ್ಯನೋರು ಸತ್ಯಕ್ಕೆ ಬಂದ್ರು. ಬಂದೇ ಬತ್ತಾರೆ ಅಂತ ನಂಗೆ ಗೊತ್ತಿತ್ತು" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ. ನನ್ನನ್ನು ಕಿಟಕಿಯಲ್ಲಿ ನೋಡಿ, "ನಮ್ಮ ಮನೆ ಮಗಳು ಕೋಟೆ ಗೆದ್ದುಬಿಟ್ಲು ಕಣ್ರಯ್ಯ" ಎಂದ. ನನ್ನ ಮದುವೆಯಲ್ಲಿ ಊಟಕ್ಕೆ ತಡವಾಯಿತೆಂದು ಎದ್ದು ಹೋದವನು ಆಮೇಲೆ ನಾನು ಬದುಕಿದ್ದೀನೋ ಸತ್ತಿದ್ದೀನೋ ಎಂದು ವಿಚಾರಿಸಿರಲಿಲ್ಲ. ಅವನ ಕಡೆಯವರು ಹಾರವನ್ನು ಗೇಟಿಗೇ ಹಾಕಿ ಹೋದರು.

ಹಿಂದೆಯೇ ತಕ ಸಭೆಯ ತುರ್ತು ಸಭೆ, ನಮ್ಮ ಪಡಸಾಲೆಯಲ್ಲಿ. ಮಾವ ಮಾತ್ರೆ ನುಂಗಿ ಒಳಗೆ ಮಲಗಿದ್ದರು. ಅವರನ್ನು ಏನೂ ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಉಪ್ಪಿಟ್ಟು ತಿಂದು ಮುಗಿಸುವ ಹೊತ್ತಿಗೆ ಮುರಿಗೆಪ್ಪ ದಾರಿ ಕಂಡುಹಿಡಿದಿದ್ದ.

"ಅಧ್ಯಕ್ಷರು ನಡೆದದ್ದು ತಕವೇ" ಎಂದ. "ಮೌನ ತಕ. ಮೂರು ಹೆಜ್ಜೆಯಲ್ಲಿ ಎರಡನ್ನು ಕಾಲಿನಿಂದ ಇಡ್ತಾರೆ, ಒಂದನ್ನು ಮನಸ್ಸಿನಲ್ಲಿ ಇಡ್ತಾರೆ."

"ಎರಡನೇ ಹೆಜ್ಜೆ ನಾಲ್ಕನೇ ಬಡಿತಕ್ಕೆ ಬಿತ್ತಂತಲ್ಲ? ಅದು ತಕದಾಗೆ ಎಲ್ಲೈತೆ?" ಎಂದು ಒಬ್ಬ ಮುದುಕ ಕೇಳಿದ.

"ಅದು ಮೂರನೇದಕ್ಕೆ ಬೀಳಬೇಕಾದದ್ದು. ಅನಾರೋಗ್ಯದ ಕಾರಣ ತಡವಾಗಿ ಬಿದ್ದಿದೆ."

ಎಲ್ಲರೂ ತಲೆದೂಗಿದರು. ಸಿದ್ಧಾಂತ ಉಳಿಯಿತು. ಇನ್ನು ಯಾರ ಮೇಲಾದರೂ ತಪ್ಪು ಹೊರಿಸಬೇಕಿತ್ತು. ಹುಷಾರಿಲ್ಲದ ಮನುಷ್ಯನ ಹೆಜ್ಜೆ ಕೆಡಿಸಿದವರು ಯಾರು ಎಂದು ಮುರಿಗೆಪ್ಪ ಲೋಟ ಕೆಳಗಿಡುತ್ತ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಎಲ್ಲರೂ ನೋಡಿದರು. ನಾನು ಎರಡನೆಯ ಸಲ ಕಾಫಿ ತರುತ್ತಿದ್ದೆ.

ಅವರು ಹೋದ ಮೇಲೆ ಉಮಾಪತಿ ಕೋಣೆಗೆ ಬಂದ. "ದಾಕ್ಷಿ, ಸ್ವಲ್ಪ ದಿನ ತವರಿಗೆ ಹೋಗಿರು."

"ಎಷ್ಟು ದಿನ?"

"ಗಲಾಟೆ ತಣ್ಣಗಾಗೋವರ್ಗೆ."

"ಗಲಾಟೆ ಶುರುವಾಗಿದ್ದು ನಾನು ಹುಟ್ಟೋಕೆ ಮುಂಚೆ ಕಣ್ರೀ."

ಅವನು ಗೋಡೆಯ ಕ್ಯಾಲೆಂಡರನ್ನು ನೋಡುತ್ತ ನಿಂತ, ಹೋಗಲು ಒಳ್ಳೆಯ ದಿನ ಯಾವುದೆಂದು ಹುಡುಕುವವನಂತೆ. ನಾನು ಬಟ್ಟೆ ತುಂಬಿಕೊಂಡೆ. ಅತ್ತೆ ಒಲೆಯ ಮುಂದೆ ನನಗೆ ಬೆನ್ನು ಮಾಡಿ ಕೂತಿದ್ದರು. ಹೋಗಿ ಬರ್ತೀನಿ ಎಂದೆ. ಅವರು ತಿರುಗಲಿಲ್ಲ. ಒಲೆ ಉರಿಯುತ್ತಿರಲಿಲ್ಲ ಎಂಬುದು ನನಗೆ ಬಾಗಿಲು ದಾಟಿದ ಮೇಲೆ ಹೊಳೆಯಿತು.

ಗೇಟು ದಾಟಿದ ಮೇಲೆ ತೊಂದರೆ ಶುರುವಾಯಿತು. ಬಲಬದಿಯಲ್ಲಿ ಚಿಕ್ಕಪ್ಪನ ಜನ ಮತ್ತೆ ಸೇರಿದ್ದರು. ನಾನು ಆ ಬದಿಗೆ ಕಾಲಿಟ್ಟು ತಕಿಟ ನಡೆದರೆ ನನಗೂ ಒಂದು ಹಾರ. ಎಡಬದಿಯಲ್ಲಿ ಮುರಿಗೆಪ್ಪ ಮತ್ತು ಅವನ ಕಡೆಯವರು, ನಾನು ಯಾವ ಹೆಜ್ಜೆಯಲ್ಲಿ ಹೊರಡುತ್ತೇನೆಂದು ಕಾಲನ್ನೇ ನೋಡುತ್ತ ನಿಂತಿದ್ದರು. ಅಳು ಬಂದಿದ್ದರೂ ಇವರ ಮುಂದೆ ಅಳಬಾರದೆಂದು ಹಲ್ಲು ಕಚ್ಚಿಕೊಂಡೆ. ಬೀದಿಯ ನಡುಮಧ್ಯಕ್ಕೆ ಇಳಿದು ದನಗಳ ಜೊತೆ ನಡೆದೆ.

ಬಟ್ಟೆ ಅಂಗಡಿಯ ತಿರುವಿನವರೆಗೆ ಬಂದಿದ್ದೆ. ಹಿಂದಿನಿಂದ ಒಂದು ಸದ್ದು ಕೇಳಿಸಿತು. ಕೋಲಿನ ಕುಟ್ಟು, ಒಂದು ಎಳೆತ, ಅವಸರದ ಎರಡು ಹೆಜ್ಜೆ, ಏನೂ ಇಲ್ಲ, ಮತ್ತೆ ಎಳೆತ. ಈ ಊರಲ್ಲಿ ಹುಟ್ಟಿ ಬೆಳೆದ ನಾನು ಅಂಥ ಸದ್ದನ್ನು ಕೇಳಿಯೇ ಇರಲಿಲ್ಲ. ಮಳೆ ಬಂದರೂ ನಮ್ಮೂರಿನ ಸೂರಿನಿಂದ ನೀರು ಲೆಕ್ಕಕ್ಕೆ ತೊಟ್ಟಿಕ್ಕುತ್ತದೆ. ತಿರುಗಿ ನೋಡಿದೆ. ಬನಿಯನ್ನು, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಕೆದರಿದ ತಲೆ. ಮಾವ ಬರುತ್ತಿದ್ದರು. ಅವರ ಹಿಂದೆ ಅತ್ತೆ, ಮಾವನ ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ಎಬ್ಬಿಸಿದವರು ಅವರೇ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಬೀದಿಯ ಎರಡೂ ಬದಿಯವರು ನಿಂತರು. ಚಿಕ್ಕಪ್ಪ ಬೆರಳಿನ ಗೆಣ್ಣಿನ ಮೇಲೆ ಎಣಿಸಲು ಶುರುಮಾಡಿ, ತಪ್ಪಿ, ಮೊದಲಿನಿಂದ ಎಣಿಸಿ, ಮತ್ತೆ ತಪ್ಪಿದ. "ಇದು ಮೌನ…" ಎಂದು ಮುರಿಗೆಪ್ಪ ಬಾಯಿ ತೆಗೆದ. ಆಗಲೇ ಮಾವನ ಕೋಲು ಒಂದು ಕಲ್ಲಿಗೆ ತಗುಲಿ, ಅವರು ಕುಂಟಿ, ಮೂರು ಪುಟ್ಟ ಹೆಜ್ಜೆ ಓಡಿದಂತೆ ಇಟ್ಟು ನೆಟ್ಟಗಾದರು. ಅದಕ್ಕೆ ಯಾವ ಹೆಸರಿಡಬೇಕೋ ತಿಳಿಯದೆ ಮುರಿಗೆಪ್ಪ ಬಾಯಿ ಮುಚ್ಚಿದ.

"ಹೇಳದೆ ಕೇಳದೆ ಹೋಗ್ತಿದೀಯಾ?" ಎಂದರು ಮಾವ, ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು.

"ನೀವು ಮಲಗಿದ್ರಿ ಮಾವ."

"ಎಬ್ಬಿಸ್ಬೇಕಿತ್ತು." ಕೋಲನ್ನು ನೆಲಕ್ಕೆ ಕುಟ್ಟಿದರು. "ನಿಂಗೆ ಹೋಗು ಅಂದೋರ್ಯಾರು?"

ಅಷ್ಟರಲ್ಲಿ ಹೋಗು ಎಂದವನೇ ಓಡಿ ಬಂದ. ಗಾಬರಿಯಲ್ಲಿದ್ದರೂ ಎಡಬದಿಯಲ್ಲೇ, ತಕದಲ್ಲೇ ಓಡಿ ಬಂದಿದ್ದ. ಮಾವ ನನ್ನ ಕೈಯಿಂದ ಚೀಲ ತೆಗೆದು ಅವನ ಎದೆಗೆ ಒತ್ತಿದರು. "ಹೊರು" ಎಂದರು. ಉಮಾಪತಿ ಹೊತ್ತುಕೊಂಡ.

ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. ಬಲಬದಿಯ ಅಂಚಿನವರೆಗೆ ಬಂದು, "ಅಡವೀಶಯ್ಯನೋರೇ, ತಪ್ಪು ತಿಳ್ಕಬೇಡಿ. ಈಗ ಬಂದ್ರಲ್ಲ, ಅದು ಯಾವ ಲೆಕ್ಕ?" ಎಂದ.

ಮಾವ ಅವನ ಕಡೆ ನೋಡಿದರು. ಅಷ್ಟು ವರ್ಷ ವೇದಿಕೆಯ ಮೇಲಿನಿಂದ ಬೈದುಕೊಂಡವರು ಮುಖಾಮುಖಿ ಮಾತಾಡಿದ್ದು ಅದೇ ಮೊದಲು. "ಲೆಕ್ಕ ಹಾಕಕ್ಕೆ ಪುರುಸೊತ್ತಿರ್ಲಿಲ್ಲ ಕಣಯ್ಯ" ಎಂದರು. "ಸೊಸೆ ಹೋಗ್ತಿದ್ಲು."

ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವರು ಸುಧಾರಿಸಿಕೊಂಡರು. ಅತ್ತೆ ಬಗ್ಗಲಾಗದ ಸೊಂಟವನ್ನು ಬಗ್ಗಿಸಿ ಚಪ್ಪಲಿ ತೊಡಿಸಿದರು. ನೆಲ ತನ್ನ ಪಾಡಿಗೆ ಬಡಿಯುತ್ತಿತ್ತು. ಬೀದಿಯ ನಡುವಿನಲ್ಲೇ ಮನೆಗೆ ಮರಳಿದೆವು. ಮುಂದೆ ಮಾವ ಮತ್ತು ನಾನು, ಹಿಂದೆ ಅತ್ತೆ. ಚೀಲ ಹೊತ್ತ ಉಮಾಪತಿ ಎಡಬದಿಯಲ್ಲಿ ಸ್ವಲ್ಪ ದೂರ ಬಂದು, ತಾನೊಬ್ಬನೇ ಆಗಿರುವುದನ್ನು ನೋಡಿ, ನಾಚಿಕೊಂಡು ನಡುವಿಗೆ ಇಳಿದ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವನು ನನ್ನ ಮುಖ ನೋಡದೆ ಪಲ್ಯವನ್ನು ನನ್ನ ಕಡೆ ಸರಿಸಿದ. ಅವನ ಮಟ್ಟಿಗೆ ಅದು ಕ್ಷಮಾಪಣೆ. ನಾನು ಪಲ್ಯ ತಿಂದೆ, ಕ್ಷಮಿಸುವುದನ್ನು ಆಮೇಲೆ ನೋಡೋಣವೆಂದುಕೊಂಡೆ.

ಮಾವ ರಾಜೀನಾಮೆ ಕೊಟ್ಟರು. ಮುರಿಗೆಪ್ಪ ಅಧ್ಯಕ್ಷನಾದ. ಊರು ಬುದ್ಧಿ ಕಲಿಯಿತು ಎಂದು ನಿಮಗೆ ಅನ್ನಿಸಿದ್ದರೆ ನೀವು ನಮ್ಮೂರಿನವರಲ್ಲ. ತಿಂಗಳೊಪ್ಪತ್ತಿನಲ್ಲಿ ಪೇಟೆಯಲ್ಲಿ ಕೆಲವು ಪಡ್ಡೆ ಹುಡುಗರು ಕೋಲು ಹಿಡಿದು ಓಡಾಡತೊಡಗಿದರು. ಗಟ್ಟಿಮುಟ್ಟಾದ ಎಡಗಾಲನ್ನು ಎಳೆಯುವುದು, ಎರಡು ಹೆಜ್ಜೆ ಅವಸರ, ಒಂದು ನಿಲುಗಡೆ, ಕಲ್ಲಿಲ್ಲದ ಕಡೆಯೂ ಒಂದು ಎಡವು. ಬನಿಯನ್ನಿನಲ್ಲೇ ಓಡಾಡಬೇಕೆಂದು ಅವರಲ್ಲಿ ನಿಯಮವಾಯಿತು. ಅಡವೀಶ ಮಾರ್ಗ ಎಂದು ಹೆಸರಿಟ್ಟು, ಬೀದಿಯ ನಡುವಿನಲ್ಲಿ ನಡೆಯುವ ಹಕ್ಕು ತಮಗೆ ಮಾತ್ರ ಎಂದು ಪುರಸಭೆಗೆ ಮನವಿ ಕೊಟ್ಟರು. ಈಗ ದನಗಳಿಗೂ ಜಾಗವಿಲ್ಲ. ನೀವೇ ನಮ್ಮ ಅಧ್ಯಕ್ಷರಾಗಬೇಕು ಎಂದು ಮಾವನನ್ನು ಕೇಳಲು ಬಂದಾಗ ಅವರು, "ಕಾಲು ನೆಟ್ಟಗಿರೋರು ನೆಟ್ಟಗೆ ನಡೀರೋ" ಎಂದು ಬೈದು ಕಳಿಸಿದರು. ಹುಡುಗರು ಅದನ್ನು ಬರೆದುಕೊಂಡು ಹೋದರು. ಅದರ ಗೂಢಾರ್ಥದ ಬಗ್ಗೆ ಅವರಲ್ಲಿ ಈಗಾಗಲೇ ಎರಡು ಅಭಿಪ್ರಾಯಗಳಿವೆ.

ಮೊನ್ನೆ ಅವರ ಕಾರ್ಯದರ್ಶಿ ಮತ್ತೆ ಬಂದಿದ್ದ. ಮಾವ ಬಾವಿಯ ಕಡೆ ಹೋಗಿದ್ದರು. ಅತ್ತೆ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದರು, ನಾನು ಪಕ್ಕದಲ್ಲಿ ಕೂತಿದ್ದೆ. ಹುಡುಗ ಬಹಳ ವಿನಯದಿಂದ ಕುಂಟುತ್ತ ಬಂದು ಕೈ ಮುಗಿದ.

"ಅಮ್ಮಾವ್ರೇ, ನಮ್ಮ ಹುಡುಗ್ರಿಗೆ ಮದ್ವೆ ಗೊತ್ತಾಗ್ತಾ ಐತೆ. ಹೆಣ್ಣುಗಳು ತಕದಿಂದ ಬತ್ತವೆ, ತಕಿಟದಿಂದ ಬತ್ತವೆ. ಅವಕ್ಕೆ ನಮ್ಮ ನಡಿಗೆ ಬರಲ್ಲ. ನೀವು ಹಳಬ್ರು, ಸೊಸೇರಿಗೆ ಹೆಜ್ಜೆ ಕಲಿಸಿದ ಅನುಭವ ಐತೆ. ಬರೋ ಹೆಣ್ಣುಮಕ್ಕಳಿಗೆ ಕುಂಟೋದನ್ನ ಸ್ವಲ್ಪ ಹೇಳ್ಕೊಡ್ಬೇಕು."

ಅತ್ತೆ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. ಹುಡುಗನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದರು.

"ಕುಂಟೋದು ಹೇಳ್ಕೊಟ್ರೆ ಬರಲ್ಲ ಕಣಪ್ಪ" ಎಂದು ಮೊರವನ್ನು ಪಕ್ಕಕ್ಕಿಟ್ಟರು. "ಮೊದ್ಲು ನಿನ್ನ ಕಾಲು ಕೊಡು ಇಲ್ಲಿ. ಮುರಿದು ಕೊಡ್ತೀನಿ. ಹೆಣ್ಣುಮಕ್ಕಳ ವಿಷ್ಯ ಆಮೇಲೆ ಮಾತಾಡೋಣ."

ಹುಡುಗ ಎರಡು ಕಾಲಲ್ಲೂ ಚೆನ್ನಾಗಿ ಓಡಿದ.